ಸಿಪ್ಪೆ ನಮ್ಮದು, ಸಾರ ಯಾರದು?

ಗೋಲಿ ಸೋಡಾ ಕುಡಿದವರಿಗೆಲ್ಲ ಈ ಗ್ಯಾಸಿನ ಪರಿಚಯ ಇದೆ. ಗೋಲಿ ಒತ್ತಿದ ಕೂಡಲೇ ಬುಸ್ಸಂತ ಮೂಗಿಗೆ ಬಡಿಯುತ್ತಲ್ಲ, ಅದೇ ಇಂಗಾಲದ ಡೈ ಆಕ್ಸೈಡು. ನಾವು ನೀವು ಉಸಿರಿನಲ್ಲಿ ಹೊರಗೆ ಬಿಡೋದೂ ಅದೇ. ಅಂಗಡಿ ಮೂಲೆಯಲ್ಲಿ ಧೂಳು ಹಿಡಿದು ಕೂತಿರುವ ಕೆಂಪು ಬೆಂಕಿ ಸಿಲಿಂಡರುಗಳಲ್ಲಿ ಕೆಲವದರ ಹೊಟ್ಟೆಯಲ್ಲಿರೋದೂ ಅದೇ. ಈ ಅಗ್ಗದ ಗ್ಯಾಸನ್ನು ಹಿಡಿದು, ಅದುಮಿ, ದ್ರಾಕ್ಷಿ ಬೀಜದಿಂದ ಎಣ್ಣೆ, ಟೊಮ್ಯಾಟೊ ಸಿಪ್ಪೆಯಿಂದ ಬಣ್ಣ, ಕಾಫಿ ಬೀಜದಿಂದ ಕೆಫೀನು ಸೆಳೆಯುವ ವಿದ್ಯೆಯೊಂದಿದೆ. ಜರ್ಮನಿಯವರು ಇದರಲ್ಲಿ ಕಾಸು ಮಾಡಲು ಶುರು ಮಾಡಿ ನಾಲ್ಕು ದಶಕ ದಾಟಿತು. ನಾವು ಯಶವಂತಪುರದ ಯಾರ್ಡಿನಲ್ಲಿ ಸಿಪ್ಪೆ ಗುಡಿಸುತ್ತಾ ಇದ್ದೀವಿ.

ಇದೇನಪ್ಪ, ಸಂಜೆ ಪೇಪರಿನಲ್ಲಿ ಕೆಮಿಸ್ಟ್ರಿ ಪಾಠ ಅಂತ ಹುಬ್ಬೇರಿಸಬೇಡಿ. ಬಸ್ಸು ಹೆಬ್ಬಾಳದ ಫ್ಲೈಓವರ್ ದಾಟೋದರೊಳಗೆ ಮುಗಿಯುತ್ತೆ. ಆ ಫ್ಲೈಓವರಿನ ಮೇಲೆ ಎಷ್ಟು ಹೊತ್ತು ನಿಲ್ಲಬೇಕಾಗುತ್ತೆ ಅಂತ ನಿಮಗೇ ಗೊತ್ತು, ಆ ಲೆಕ್ಕದಲ್ಲಿ ಎರಡು ಪಾಠ ಆಗಬಹುದು.

ಮನೆಯಲ್ಲಿ ಡಿಕಾಕ್ಷನ್ ಇಳಿಸ್ತೀರಲ್ಲ, ಅದೇ ಈ ವಿದ್ಯೆಯ ತಾಯಿ. ಕಾಫಿ ಪುಡಿಯ ಮೇಲೆ ಬಿಸಿನೀರು ಹುಯ್ದರೆ ರುಚಿ, ಬಣ್ಣ, ಕೆಫೀನು ನೀರಿಗೆ ಬರುತ್ತೆ, ಚರಟ ಮೇಲೆ ಉಳಿಯುತ್ತೆ. ಆದರೆ ಪುಡಿಯಲ್ಲಿರೋ ಎಣ್ಣೆಯ ಬಹುಪಾಲು ಚರಟದಲ್ಲೇ ಕೂತಿರುತ್ತೆ, ಯಾಕಂದ್ರೆ ನೀರಿಗೂ ಎಣ್ಣೆಗೂ ಆಗಿಬರಲ್ಲ. ಎಣ್ಣೆ ಬೇಕು ಅಂದರೆ ಎಣ್ಣೆಯನ್ನು ಕರಗಿಸೋ ದ್ರಾವಕ ಬೇಕು. ಕಾರ್ಖಾನೆಯವರು ಸಾಮಾನ್ಯವಾಗಿ ಬಳಸೋದು ಹೆಕ್ಸೇನು. ಪೆಟ್ರೋಲಿನ ದಾಯಾದಿ. ಅಕ್ಕಿ ತೌಡಿನ ಎಣ್ಣೆಯೆಲ್ಲ ಬಹುತೇಕ ಅದರಲ್ಲೇ ತೆಗೆದದ್ದು. ಅಗ್ಗ, ಕೆಲಸ ಚುರುಕು. ಆದರೆ ಬೆಂಕಿಯ ಭಯ ಇದೆ, ಆಮೇಲೆ ಕಾಯಿಸಿ ಅದನ್ನು ಹೊರಗೆ ಓಡಿಸಬೇಕು, ಚೂರುಪಾರು ಉಳಿದರೆ ಎಷ್ಟಿರಬಹುದು ಅಂತ ಕಾನೂನೇ ಮಿತಿ ಹಾಕಿದೆ. ಕಾಯಿಸಿದಾಗ ಸೂಕ್ಷ್ಮವಾದ ಪರಿಮಳ ಇದ್ದರೆ ಅದೂ ಜೊತೆಗೇ ಓಡುತ್ತೆ.

ಇಲ್ಲಿ ನಮ್ಮ ಸೋಡಾ ಗ್ಯಾಸು ಬರುತ್ತೆ. ಇಂಗಾಲದ ಡೈ ಆಕ್ಸೈಡನ್ನು 31 ಡಿಗ್ರಿ ಸೆಲ್ಸಿಯಸ್ ಶಾಖ ದಾಟಿಸಿ, ಸುಮಾರು 74 ಬಾರ್ ಒತ್ತಡಕ್ಕಿಂತ ಮೇಲೆ ಅದುಮಿದರೆ ಅದು ಅತ್ತ ಗ್ಯಾಸೂ ಅಲ್ಲ, ಇತ್ತ ದ್ರವವೂ ಅಲ್ಲ. ಗ್ಯಾಸಿನ ಹಾಗೆ ಸಂದಿಗೊಂದಿಯಲ್ಲೆಲ್ಲ ನುಗ್ಗುತ್ತೆ, ದ್ರವದ ಹಾಗೆ ಎಣ್ಣೆಯನ್ನು ಕರಗಿಸಿಕೊಳ್ಳುತ್ತೆ. ಇದಕ್ಕೆ ಸೂಪರ್‌ಕ್ರಿಟಿಕಲ್ ಸ್ಥಿತಿ ಅಂತ ಹೆಸರು. ನಿಮ್ಮ ಮನೆ ಪ್ರೆಷರ್ ಕುಕ್ಕರಿನೊಳಗೆ ಇರೋದು ಎರಡು ಬಾರ್ ಆಸುಪಾಸು ಅಂದರೆ ಇದರ ಜೋರು ಊಹಿಸಿಕೊಳ್ಳಿ. ಶಾಖದ ವಿಷಯ ಮಾತ್ರ ನಮ್ಮ ಏಪ್ರಿಲ್ ಮಧ್ಯಾಹ್ನದ ಲೆಕ್ಕ. ಬೆಂಗಳೂರು 34 ಡಿಗ್ರಿ ಮುಟ್ಟಿದ ದಿನ, ಶೆಡ್ಡಿನಲ್ಲಿ ತುಂಬಿಟ್ಟ ಆ ಗ್ಯಾಸಿನ ಬೆಂಕಿ ಸಿಲಿಂಡರಿನ ಒಳಗೆ ಯಾರೂ ಹೇಳದೇನೇ ಈ ಸ್ಥಿತಿ ಬಂದಿರುತ್ತೆ.

ಕೆಲಸ ಮುಗಿದ ಮೇಲೆ ಒತ್ತಡ ಇಳಿಸಿದರೆ ಆಯ್ತು. ಗ್ಯಾಸು ಮತ್ತೆ ಗ್ಯಾಸಾಗಿ ಹೊರಡುತ್ತೆ, ಹೊತ್ತು ತಂದ ಎಣ್ಣೆಯನ್ನು ಅಲ್ಲೇ ಬಿಟ್ಟು ಹೋಗುತ್ತೆ. ವಾಸನೆ ಇಲ್ಲ, ಶೇಷ ಇಲ್ಲ. ಹೊರಟ ಗ್ಯಾಸನ್ನು ಹಿಡಿದು ಮತ್ತೆ ಅದುಮಿ ಮತ್ತೆ ದುಡಿಸಬಹುದು. ಗ್ಯಾಸು ಹಾಳಾಗುತ್ತೆ, ಭೂಮಿ ಬಿಸಿಯಾಗುತ್ತೆ ಅಂತ ಕೂಗೋದಕ್ಕೂ ಹೆಚ್ಚು ಕಾರಣ ಇಲ್ಲ. ಸಾರಾಯಿ ಡಿಸ್ಟಿಲರಿಗಳಲ್ಲಿ, ಗೊಬ್ಬರದ ಕಾರ್ಖಾನೆಗಳಲ್ಲಿ ಹೇಗೂ ಹೊರಬೀಳುವ ಗ್ಯಾಸನ್ನೇ ಹಿಡಿದು ಸಿಲಿಂಡರಿಗೆ ತುಂಬೋದು.

ತಮಾಷೆ ನೋಡಿ, ಈ ಸ್ಥಿತಿಯನ್ನು ಮೊದಲು ಕಂಡುಕೊಂಡಿದ್ದೂ ಒಂಥರಾ ಗೋಲಿ ಸೋಡಾ ಆಟದಲ್ಲೇ. 1822ರಲ್ಲಿ ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ ಅನ್ನೋರು ಬಂದೂಕದ ನಳಿಗೆಯೊಳಗೆ ದ್ರವ ಹಾಕಿ, ಜೊತೆಗೊಂದು ಕಲ್ಲಿನ ಗುಂಡು ಹಾಕಿ, ಬಾಯಿ ಬಿಗಿದು ಕಾಯಿಸಿದರು. ನಳಿಗೆ ಅಲ್ಲಾಡಿಸಿ ಗುಂಡು ಉರುಳೋ ಸದ್ದು ಕೇಳ್ತಾ ಕೂತರು. ಒಂದು ಶಾಖ ದಾಟಿದ ಮೇಲೆ ಸದ್ದು ಬದಲಾಯ್ತು, ಒಳಗೆ ದ್ರವದ ಮೇಲ್ಮೈಯೇ ಇರಲಿಲ್ಲ. 1869ರಲ್ಲಿ ಥಾಮಸ್ ಆಂಡ್ರೂಸ್ ಇದೇ ಇಂಗಾಲದ ಡೈ ಆಕ್ಸೈಡಿನಲ್ಲಿ ಅಳತೆ ಮಾಡಿ ಅದಕ್ಕೊಂದು ಹೆಸರು ಕೊಟ್ಟರು. ಆಮೇಲೆ ಸುಮಾರು ನೂರು ವರ್ಷ ಅದು ಪುಸ್ತಕದಲ್ಲೇ ಇತ್ತು. 1960ರ ದಶಕದಲ್ಲಿ ಜರ್ಮನಿಯ ಮ್ಯೂಲ್‌ಹೈಮ್ ಊರಿನ ಸಂಶೋಧನಾಲಯದ ಕುರ್ಟ್ ಜೋಸೆಲ್ ಅನ್ನೋರು ಇದರಿಂದ ಹಸಿ ಕಾಫಿ ಬೀಜದ ಕೆಫೀನು ತೆಗೆಯಬಹುದು ಅಂತ ತೋರಿಸಿದರು. 1970ರ ದಶಕದ ಕೊನೆಯ ಹೊತ್ತಿಗೆ ಬ್ರೆಮೆನ್‌ನಲ್ಲಿ ಕಾರ್ಖಾನೆ ಎದ್ದಿತು. ಕೆಫೀನಿಲ್ಲದ ಕಾಫಿ ಒಂದು ಕಡೆ ಮಾರಾಟ, ತೆಗೆದ ಕೆಫೀನು ಔಷಧಿ ಕಂಪನಿಗೆ, ತಂಪು ಪಾನೀಯದವರಿಗೆ ಇನ್ನೊಂದು ಕಡೆ ಮಾರಾಟ. ಒಂದೇ ಬೀಜಕ್ಕೆ ಎರಡು ಬಿಲ್ಲು. ವ್ಯಾಪಾರಸ್ಥರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾ?

ನಮ್ಮವರಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು ಸ್ವಾಮಿ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ 1980ರ ದಶಕದ ಕೊನೆಗೇ ಕರಿಮೆಣಸಿನ ಎಣ್ಣೆಯನ್ನು ಈ ವಿಧಾನದಲ್ಲಿ ತೆಗೆದು ಬರೆದಿದ್ದಾರೆ. ಯಶವಂತಪುರದಿಂದ ನಾಲ್ಕು ಹೆಜ್ಜೆ ದೂರದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಯಾವ ವಸ್ತು ಯಾವ ಒತ್ತಡದಲ್ಲಿ ಎಷ್ಟು ಕರಗುತ್ತೆ ಅನ್ನೋ ಲೆಕ್ಕದ ಮೇಲೆ ವರ್ಷಗಟ್ಟಲೆ ಕೆಲಸ ಆಗಿದೆ. ಹೆಬ್ಬಾಳದಲ್ಲಿ 1913ರಿಂದ ಕೃಷಿ ಶಾಲೆ, 1964ರಿಂದ ಕೃಷಿ ವಿಶ್ವವಿದ್ಯಾಲಯ. ಹೆಸರಘಟ್ಟದಲ್ಲಿ 1967ರಿಂದ ತೋಟಗಾರಿಕೆ ಸಂಶೋಧನಾಲಯ. ಇಷ್ಟೊಂದು ವಿದ್ವತ್ತು ಒಂದೇ ಬಸ್ ಪಾಸಿನ ಅಂತರದಲ್ಲಿ ಇರೋ ಊರು ದೇಶದಲ್ಲಿ ಎಷ್ಟಿವೆ? ವಿದ್ವತ್ತಿಗೂ ಮಂಡಿಗೂ ನಡುವೆ ರಸ್ತೆ ಇಲ್ಲ, ಅಷ್ಟೇ ತೊಂದರೆ.

ಗಂಧದ ಕಥೆ

ಮೆಟ್ರೋದಲ್ಲಿ ಓಡಾಡೋರು ಯಶವಂತಪುರದ ಪಕ್ಕದ ಸ್ಟೇಷನ್ನಿನ ಹೆಸರು ಓದಿಕೊಳ್ಳಿ. ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಆ ಕಾರ್ಖಾನೆಯ ಹಿಂದೆ ಇರೋದೂ ಸಾರ ತೆಗೆಯೋ ಕಥೆಯೇ. ಒಂದು ಕಾಲಕ್ಕೆ ಮೈಸೂರು ಸಂಸ್ಥಾನ ಗಂಧದ ಕೊರಡನ್ನು ಕೊರಡಾಗಿಯೇ ಹೊರದೇಶಕ್ಕೆ ಮಾರುತ್ತಿತ್ತು. ಎಣ್ಣೆ ತೆಗೆಯೋದು ಬಹಳಮಟ್ಟಿಗೆ ಜರ್ಮನಿಯಲ್ಲಿ. 1914ರಲ್ಲಿ ಮಹಾಯುದ್ಧ ಬಂತು, ಹಡಗು ನಿಂತವು, ಕೊರಡು ಗೋದಾಮಿನಲ್ಲಿ ರಾಶಿ ಬಿತ್ತು. ಆಗ ವಿಶ್ವೇಶ್ವರಯ್ಯನವರು ದಿವಾನರು. 1916ರಲ್ಲಿ ಸಂಸ್ಥಾನವೇ ಎಣ್ಣೆ ಬಟ್ಟಿ ಇಳಿಸಲು ಶುರು ಮಾಡಿತು, 1918ರಲ್ಲಿ ಬೆಂಗಳೂರಲ್ಲಿ ಸಾಬೂನು ಬಂತು. ಹಬೆಯಲ್ಲಿ ಎಣ್ಣೆ ಇಳಿಸಿದ ಮೇಲೆ ಉಳಿಯುವ ಗಂಧದ ಪುಡಿಯೂ ವ್ಯರ್ಥ ಹೋಗಲ್ಲ, ಊದುಬತ್ತಿಯವರು ಕೊಳ್ಳುತ್ತಾರೆ. ಕೊರಡು ಮಾರಿದ್ದರೆ ಕೊರಡಿನ ಬೆಲೆ, ಎಣ್ಣೆ ಮಾರಿದ್ದಕ್ಕೆ ಎಣ್ಣೆಯ ಬೆಲೆ. ಆ ಕಾಲದವರಿಗೆ ಬುದ್ಧಿ ಬರೋಕೆ ಒಂದು ಮಹಾಯುದ್ಧ ಬೇಕಾಯ್ತು. ನಮಗೆ ಇನ್ನೇನು ಬೇಕೋ.

ಹಾಗಂತ ಕಸವೆಲ್ಲ ರಸ ಅಂತ ಹೇಳಿಕೊಂಡು ತಿರುಗೋರನ್ನೂ ನಂಬಬೇಡಿ. ಸಭೆಯಲ್ಲಿ ಮಾತಾಡೋರಿಗೆ ಇದು ಸುಲಭದ ವಿಷಯ. ಪ್ರತಿ ಸಲ ಕೋಲಾರದ ಕಡೆ ಟೊಮ್ಯಾಟೊ ಬೆಲೆ ಬಿದ್ದು ರೈತರು ರಸ್ತೆಗೆ ಸುರಿದಾಗ, ಇದರಿಂದ ಲೈಕೋಪೀನ್ ತೆಗೆದರೆ ರೈತ ಕೋಟ್ಯಧೀಶ ಆಗ್ತಾನೆ ಅಂತ ಯಾರಾದರೂ ಹೇಳೇ ಹೇಳ್ತಾರೆ. ಲೈಕೋಪೀನ್ ಅಂದರೆ ಟೊಮ್ಯಾಟೊದ ಕೆಂಪು. ಬೆಲೆಯೂ ಇದೆ, ಈ ವಿಧಾನದಲ್ಲಿ ಅದನ್ನು ತೆಗೆಯೋದೂ ಸಾಧ್ಯ. ಆದರೆ ಲೆಕ್ಕ ಹಾಕಿ. ಟೊಮ್ಯಾಟೊದಲ್ಲಿ ನೂರಕ್ಕೆ 94-95 ಪಾಲು ನೀರು. ಒಂದು ಕಿಲೋ ಹಣ್ಣಿನಲ್ಲಿ ಸಾಮಾನ್ಯವಾಗಿ 30ರಿಂದ 50 ಮಿಲಿಗ್ರಾಂ ಲೈಕೋಪೀನ್. ಅಂದರೆ ಒಂದು ಟನ್ ಹಣ್ಣಿಗೆ 30ರಿಂದ 50 ಗ್ರಾಂ. ಅದಕ್ಕಾಗಿ ಒಂಬೈನೂರು ಚಿಲ್ಲರೆ ಕಿಲೋ ನೀರು ಒಣಗಿಸಬೇಕು, ಯಾಕಂದ್ರೆ ಒದ್ದೆ ಮಾಲಿನ ಮೇಲೆ ಈ ಗ್ಯಾಸಿನ ಆಟ ಸರಿಯಾಗಿ ನಡೆಯಲ್ಲ. ಸೌದೆ ಖರ್ಚಿಗೇ ಸಾಲದು. ಸಾಸ್, ಪೇಸ್ಟ್ ಮಾಡೋ ಕಾರ್ಖಾನೆಯಲ್ಲಿ ಉಳಿಯೋ ಸಿಪ್ಪೆ ಬೀಜ ಬೇರೆ ಮಾತು. ಕೆಂಪು ಹೆಚ್ಚಾಗಿ ಸಿಪ್ಪೆಯಲ್ಲೇ ಇರೋದು, ಹಿಂಡಿ ತೆಗೆದಿರೋದರಿಂದ ನೀರೂ ಕಡಿಮೆ. ರಸ್ತೆಗೆ ಸುರಿದ ಹಣ್ಣಿಗೆ ಬೇಕಿರೋದು ಬೆಂಬಲ ಬೆಲೆ, ಈ ಯಂತ್ರವಲ್ಲ.

ಈರುಳ್ಳಿ ಸಿಪ್ಪೆ ನಮ್ಮ ಯಾರ್ಡಿನ ಮನೆದೇವರು. ಗಾಳಿ ಬೀಸಿದರೆ ತುಮಕೂರು ರಸ್ತೆವರೆಗೂ ಮೆರವಣಿಗೆ. ಅದರಲ್ಲಿ ಕ್ವೆರ್ಸೆಟಿನ್ ಅನ್ನೋ ವಸ್ತು ಇದೆ, ಆ ಹಳದಿ-ಕಂದು ಬಣ್ಣಕ್ಕೂ ಅದಕ್ಕೂ ನಂಟು. ಒಣಗಿಯೇ ಬರುತ್ತೆ, ರಾಶಿಯಾಗಿ ಒಂದೇ ಕಡೆ ಸಿಗುತ್ತೆ, ಕೂಲಿಯೂ ಇಲ್ಲ. ಇಷ್ಟೆಲ್ಲ ಅನುಕೂಲ ಇದ್ದರೂ ಒಂದು ಕೊಕ್ಕೆ ಇದೆ. ಕ್ವೆರ್ಸೆಟಿನ್ ಎಣ್ಣೆಯ ಜಾತಿಯದಲ್ಲ. ಬರೀ ಇಂಗಾಲದ ಡೈ ಆಕ್ಸೈಡಿಗೆ ಅದು ಜಗ್ಗಲ್ಲ, ಜೊತೆಗೆ ಒಂದಿಷ್ಟು ಆಲ್ಕೋಹಾಲು ಬೆರೆಸಬೇಕು. ಅಷ್ಟಾದ ಮೇಲೆ, ಕೋಟಿಗಟ್ಟಲೆ ಯಂತ್ರ ಯಾಕೆ, ಆಲ್ಕೋಹಾಲು-ನೀರಲ್ಲೇ ನೆನೆಸಿ ತೆಗೆಯಬಾರದಾ ಅಂತ ಜಾಣ ವ್ಯಾಪಾರಿ ಕೇಳ್ತಾನೆ. ಸರಿಯಾದ ಪ್ರಶ್ನೆ. ಈರುಳ್ಳಿ ಸಿಪ್ಪೆಗೆ ಅದೇ ಸರಿ ಅಂತ ನನ್ನ ಮತ. ಯಂತ್ರ ಇದೆ ಅಂತ ಎಲ್ಲವನ್ನೂ ಅದರ ಬಾಯಿಗೆ ಹಾಕೋದು ಬೇಡ.

ದ್ರಾಕ್ಷಿಗೆ ಬರೋಣ. ಬೆಂಗಳೂರು ನೀಲಿ ದ್ರಾಕ್ಷಿ ನಮ್ಮ ಸೀಮೆಯ ಹೆಮ್ಮೆ, ಭೌಗೋಳಿಕ ಸೂಚಕದ ಪಟ್ಟವೂ ಸಿಕ್ಕಿದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬೆಳೆಯೋದು. ದಪ್ಪ ಸಿಪ್ಪೆ, ಒಳಗೆ ಬೀಜ. ತಿನ್ನೋರು ಬೀಜ ಉಗೀತಾರೆ, ಜ್ಯೂಸಿನವರೂ ವೈನಿನವರೂ ಹಿಂಡಿ ಎಸೀತಾರೆ. ಹಿಂಡಿದ ಮೇಲೆ ಹಣ್ಣಿನ ತೂಕದ ಐದನೇ ಒಂದು ಪಾಲೋ, ಸ್ವಲ್ಪ ಹೆಚ್ಚೋ ಹಿಪ್ಪೆಯಾಗಿ ಉಳಿಯುತ್ತೆ. ಬೀಜ ಬೇರೆ ಮಾಡಿದರೆ ಒಂದು ಟನ್ ಹಣ್ಣಿಗೆ 20ರಿಂದ 50 ಕಿಲೋ, ಅದರಲ್ಲಿ ಎಣ್ಣೆ ನೂರಕ್ಕೆ ಹತ್ತು-ಹದಿನೈದು. ಅಂದರೆ ಟನ್ನಿಗೆ ಎರಡು ಮೂರು ಕಿಲೋ, ಭಾಳ ಆದರೆ ಆರೇಳು ಕಿಲೋ ಎಣ್ಣೆ. ಟೊಮ್ಯಾಟೊದ ಗ್ರಾಂ ಲೆಕ್ಕಕ್ಕಿಂತ ಎಷ್ಟೋ ವಾಸಿ. ಮುಖಕ್ಕೆ ಹಚ್ಚೋ ಕ್ರೀಮು, ಮಸಾಜು ಎಣ್ಣೆ ಮಾಡೋರು ಇದನ್ನು ಕೊಳ್ಳುತ್ತಾರೆ.

ಆದರೆ ದ್ರಾಕ್ಷಿಯಲ್ಲಿ ಒಂದು ಅಪಾಯ ಇದೆ, ಅದನ್ನು ಮುಚ್ಚಿಡಬಾರದು. ದ್ರಾಕ್ಷಿಗೆ ಔಷಧಿ ಹೊಡೀತಾರೆ. ಎಣ್ಣೆಯಲ್ಲಿ ಕರಗೋ ಕೀಟನಾಶಕ ಸಿಪ್ಪೆ ಬೀಜದಲ್ಲಿ ಉಳಿದಿದ್ದರೆ ಈ ಗ್ಯಾಸು ಎಣ್ಣೆಯ ಜೊತೆ ಅದನ್ನೂ ಹೊತ್ತು ತರುತ್ತೆ. ಹಣ್ಣಿನಲ್ಲಿ ಚಿಟಿಕೆ ಇದ್ದದ್ದು ಎಣ್ಣೆಯಲ್ಲಿ ಹಿಡಿಯಾಗಬಹುದು. ಪರೀಕ್ಷೆ ಮಾಡಿಸದೇ ಮಾರಿದರೆ ಮೊದಲನೇ ಡಬ್ಬಕ್ಕೇ ಮಾನ ಹೋಗುತ್ತೆ. ಗ್ಯಾಸು ಶುದ್ಧ ಅಂದಮಾತ್ರಕ್ಕೆ ಅದು ತಂದ ಮಾಲೂ ಶುದ್ಧ ಅಂತ ಅಲ್ಲ.

ಇನ್ನೊಂದು ನೋವಿನ ವಿಷಯ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತಲ್ಲ, ಅದಕ್ಕೆ ಹೋದ ನೆಲವೇ ಸುಮಾರು 4,000 ಎಕರೆ. ಆಮೇಲೆ ಅದರ ಸುತ್ತ ಎದ್ದ ಲೇಔಟುಗಳು ನುಂಗಿದ್ದು ಬೇರೆ. ಬಳ್ಳಾರಿ ರಸ್ತೆಯ ಬಸ್ಸಿನ ಕಿಟಕಿಯಿಂದ ಹಿಂದೆ ಚಪ್ಪರ ಕಾಣ್ತಿತ್ತು, ಈಗ ಬೋರ್ಡು ಕಾಣುತ್ತೆ. ದ್ರಾಕ್ಷಿ ಕಿತ್ತು ಸೈಟು ಮಾಡಿದ ರೈತನನ್ನು ಬೈದು ಫಲವಿಲ್ಲ. ಹಣ್ಣಿನಿಂದ ಬರೋ ಕಾಸು ಸೈಟಿನ ಕಾಸಿನ ಹತ್ತಿರವೂ ಸುಳಿಯಲ್ಲ. ಬೀಜದೆಣ್ಣೆಯೊಂದೇ ಚಪ್ಪರ ಉಳಿಸಲ್ಲ, ಅಷ್ಟು ಭ್ರಮೆ ನನಗಿಲ್ಲ. ಆದರೆ ಹಣ್ಣಿನ ಜೊತೆ ಹಿಪ್ಪೆಗೂ ಒಂದು ರೇಟು ಕಟ್ಟಿದರೆ ಉಳಿದ ಚಪ್ಪರದವನಿಗೆ ಇನ್ನೊಂದು ವರ್ಷ ತಳ್ಳೋಕೆ ಧೈರ್ಯ ಬರುತ್ತೆ.

ಗೂಡಿನೊಳಗಿನ ಎಣ್ಣೆ

ಹುಡುಕುತ್ತಾ ಹೋದರೆ ನಿಜವಾದ ಮಾಲು ಇರೋದು ಶಿಡ್ಲಘಟ್ಟದಲ್ಲಿ. ಸಿಲ್ಕ್ ಬೋರ್ಡ್ ಅಂದರೆ ಟ್ರಾಫಿಕ್ ಜಾಮು ಅಂತ ತಿಳಿದಿರೋ ಹೊಸ ಬೆಂಗಳೂರಿಗರಿಗೆ ಹೇಳ್ತೀನಿ, ಅದು ರೇಷ್ಮೆ ಮಂಡಳಿ ಸ್ವಾಮಿ. ಆ ರೇಷ್ಮೆಯ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದು ನಮ್ಮ ಯಲಹಂಕ ದಾಟಿ, ದೇವನಹಳ್ಳಿ ದಾಟಿ ಹೋದರೆ ಸಿಗುವ ಶಿಡ್ಲಘಟ್ಟದಲ್ಲಿದೆ. ಗೂಡನ್ನು ಬಿಸಿನೀರಲ್ಲಿ ಬೇಯಿಸಿ ನೂಲು ಬಿಚ್ಚಿದ ಮೇಲೆ ಒಳಗಿನ ಸತ್ತ ಹುಳ ಉಳಿಯುತ್ತೆ. ಆ ಬೀದಿಯಲ್ಲಿ ಓಡಾಡಿದವರಿಗೆ ವಾಸನೆ ಗೊತ್ತು, ಒಂದು ಸಲ ಮೂಗಿಗೆ ಹತ್ತಿದರೆ ಜನ್ಮಕ್ಕೆ ಮರೆಯಲ್ಲ.

ಈಗ ಲೆಕ್ಕ. ಹಸಿ ಗೂಡಿನ ತೂಕದಲ್ಲಿ ಐದಕ್ಕೆ ನಾಲ್ಕು ಪಾಲು ಹುಳದ್ದೇ. ನೂರು ಕಿಲೋ ಗೂಡು ಬಿಚ್ಚಿದರೆ ಸುಮಾರು 80 ಕಿಲೋ ಒದ್ದೆ ಹುಳ. ಅದರಲ್ಲಿ ಮುಕ್ಕಾಲು ನೀರು, ಒಣಗಿಸಿದರೆ 20 ಕಿಲೋ. ಒಣ ಹುಳದಲ್ಲಿ ಎಣ್ಣೆ ನೂರಕ್ಕೆ 25-30. ಐದಾರು ಕಿಲೋ ಎಣ್ಣೆ ಆಯ್ತಲ್ಲ. ನೂರು ಕಿಲೋಗೆ! ಟೊಮ್ಯಾಟೊದ ಟನ್ನಿಗೆ ಐವತ್ತು ಗ್ರಾಂ ಎಲ್ಲಿ, ಇದೆಲ್ಲಿ. ಅದೂ ಅಂತಿಂಥ ಎಣ್ಣೆಯಲ್ಲ. ಅಗಸೆ ಬೀಜದಲ್ಲಿ ಇದೆ ಅಂತ ಡಾಕ್ಟರುಗಳು ಹೇಳ್ತಾರಲ್ಲ ಒಮೇಗಾ-3, ಆ ಜಾತಿಯ ಆಮ್ಲ ಇದರಲ್ಲಿ ಧಾರಾಳವಾಗಿದೆ. ಚೀನಾದವರು ಇದೇ ಗ್ಯಾಸಿನಲ್ಲಿ ರೇಷ್ಮೆ ಹುಳದ ಎಣ್ಣೆ ತೆಗೆಯೋದರ ಮೇಲೆ ಸಂಶೋಧನೆ ಮಾಡಿ ಪ್ರಕಟಿಸಿದ್ದಾರೆ. ಎಣ್ಣೆ ಹೋದ ಮೇಲೆ ಉಳಿಯೋ ಹಿಂಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನು, ಕೋಳಿಗೂ ಮೀನಿಗೂ ಮೇವು. ಹೆಕ್ಸೇನಿನ ಶೇಷ ಇಲ್ಲದ ಮೇವು ಅಂತ ಬೇರೆ ಹೇಳಿಕೊಳ್ಳಬಹುದು.

ಕಷ್ಟ ಇರೋದು ಒಣಗಿಸೋದರಲ್ಲಿ. ಬೆಂದ ಹುಳ ಒಂದು ದಿನ ಹಾಗೇ ಬಿದ್ದರೆ ಕೊಳೆಯೋಕೆ ಶುರು, ಎಣ್ಣೆ ಕಮಟು ಹಿಡಿಯುತ್ತೆ. ಕಮಟು ಹಿಡಿದ ಎಣ್ಣೆಯನ್ನು ಜರ್ಮನಿ ಯಂತ್ರದಲ್ಲಿ ತೆಗೆದರೂ ಅದು ಕಮಟು ಎಣ್ಣೆಯೇ. ಆದ್ದರಿಂದ ಮೊದಲು ಬೇಕಾದ್ದು ಕೋಟಿ ರೂಪಾಯಿಯ ಯಂತ್ರ ಅಲ್ಲವೇ ಅಲ್ಲ, ರೀಲರುಗಳ ಓಣಿಯಲ್ಲೇ ಒಂದು ಒಣಗಿಸೋ ಶೆಡ್ಡು, ದಿನಾ ಸಂಜೆ ಬಂದು ಹುಳ ತೂಗಿ ಒಯ್ಯೋ ಒಂದು ಗಾಡಿ. ಹಾಲಿನ ಡೇರಿಯವರು ಹಳ್ಳಿ ಹಳ್ಳಿಯಲ್ಲಿ ಹಾಲು ಕೂಡಿಸೋದು ಕಲಿತಿದ್ದಾರೆ, ಅಷ್ಟೇ ವಿದ್ಯೆ.

ಯಂತ್ರದ ವಿಷಯ ಆಮೇಲೆ. ಅದು ನಿಜವಾಗಿ ದುಬಾರಿ. 300 ಬಾರ್ ತಡೆಯೋ ದಪ್ಪ ಉಕ್ಕಿನ ಪಾತ್ರೆ, ಪಂಪು, ಗ್ಯಾಸು ವಾಪಸ್ ಹಿಡಿಯೋ ಏರ್ಪಾಡು. 2020ರಲ್ಲಿ ಕೇಂದ್ರ ಸರ್ಕಾರ ಸಣ್ಣ ಆಹಾರ ಘಟಕಗಳಿಗೆ ಅಂತ ತಂದ ಯೋಜನೆಯಲ್ಲಿ ಒಬ್ಬ ಉದ್ಯಮಿಗೆ ಸಬ್ಸಿಡಿ ಶೇಕಡಾ 35, ಅದೂ 10 ಲಕ್ಷದ ಮಿತಿಯೊಳಗೆ. ಹಪ್ಪಳ ಉಪ್ಪಿನಕಾಯಿಗೆ ಅದು ಸಾಕು. ಈ ಯಂತ್ರದ ಕಡೆ ತಲೆ ಹಾಕಿ ಮಲಗೋಕೂ ಆಗಲ್ಲ. ಹಾಗಾಗಿ ಇದನ್ನು ಬಂಡವಾಳ ಇರೋರಿಗೇ ಬಿಟ್ಟರೆ ಏನಾಗುತ್ತೆ ಅಂತ ಊಹಿಸೋದು ಕಷ್ಟವಲ್ಲ. ದೊಡ್ಡವರು ಬಂದು ಯಂತ್ರ ಹಾಕ್ತಾರೆ, ಹುಳವನ್ನು ಕಸದ ರೇಟಿಗೆ ಎತ್ತುತ್ತಾರೆ, ಎಣ್ಣೆಯನ್ನು ಔಷಧಿಯ ರೇಟಿಗೆ ಮಾರುತ್ತಾರೆ. ರೀಲರು ಮೊದಲಿನ ಹಾಗೇ ವಾಸನೆ ಕುಡೀತಾ ಕೂರಬೇಕು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ತೆಗೆದು ತುಟಿಗೆ ಹಚ್ಚೋ ಲಿಪ್‌ಸ್ಟಿಕ್‌ವರೆಗೂ ಒಯ್ಯುತ್ತಾರೆ ಅಂತ ನಾವೆಲ್ಲ ಹೆಮ್ಮೆಯಿಂದ ಹೇಳ್ತೀವಿ. ಆ ಲಿಪ್‌ಸ್ಟಿಕ್ಕಿನ ಬೆಲೆಯಲ್ಲಿ ಮೆಣಸಿನಕಾಯಿ ಒಣಗಿಸಿದ ಹೆಂಗಸಿನ ಪಾಲೆಷ್ಟು ಅಂತ ಯಾರೂ ಹೇಳಲ್ಲ.

ನಾನು ಕೇಳೋದು ಹಿಟ್ಟಿನ ಗಿರಣಿಯ ಪದ್ಧತಿ. ಆರ್.ಟಿ. ನಗರದಲ್ಲಿ ರಾಗಿ ಬೀಸಿಸೋಕೆ ಹೋದರೆ ಗಿರಣಿಯವನು ನಿಮ್ಮ ರಾಗಿ ಕೊಳ್ಳಲ್ಲ. ಕಿಲೋಗೆ ಇಷ್ಟು ಅಂತ ಕೂಲಿ ತಗೋತಾನೆ, ಹಿಟ್ಟು ನಿಮ್ಮದೇ. ಹಾಗೇ ಸರ್ಕಾರವೋ, ಸಹಕಾರ ಸಂಘವೋ ಒಂದು ಯಂತ್ರ ಹಾಕಲಿ. ಒಣಗಿದ ಮಾಲು ತಂದವರಿಂದ ಕಿಲೋ ಲೆಕ್ಕದಲ್ಲಿ ಕೂಲಿ ತಗೊಳ್ಳಲಿ. ಎಣ್ಣೆಯೂ ತಂದವನದೇ, ಹಿಂಡಿಯೂ ತಂದವನದೇ. ಹುಳ ವರ್ಷವಿಡೀ ಬರುತ್ತೆ, ದ್ರಾಕ್ಷಿ ಬೀಜ ಹಂಗಾಮಿನಲ್ಲಿ, ನಡುವೆ ಬಿಡುವಾದರೆ ನಮ್ಮ ದರ್ಶಿನಿಗಳ ಕಾಫಿ ಚರಟ ಇದ್ದೇ ಇದೆ. ಒಣಗಿದ ಚರಟದಲ್ಲೂ ನೂರಕ್ಕೆ ಹತ್ತು-ಹದಿನೈದು ಎಣ್ಣೆ ಇರುತ್ತೆ. ಇಂಥ ಯಂತ್ರ ಖಾಲಿ ಕೂತರೇ ನಷ್ಟ. ಯಾವ ಮಾಲನ್ನಾದರೂ ಹಾಕಿ ವರ್ಷವಿಡೀ ಓಡಿಸಿದರೆ ಮಾತ್ರ ಬಡ್ಡಿ ಹುಟ್ಟುತ್ತೆ.

ಎಲ್ಲಿ ಹಾಕಬೇಕು ಅನ್ನೋದಕ್ಕೂ ಜಗಳ ಬೇಡ. ಗಲ್ಲಿಯ ಶೆಡ್ಡಿನಲ್ಲಂತೂ ಬೇಡ. ಆ ಒತ್ತಡದ ಪಾತ್ರೆಗೆ ಪರೀಕ್ಷೆ, ಪ್ರಮಾಣಪತ್ರ ಎಲ್ಲ ಬೇಕು. ಗ್ಯಾಸು ಸೋರಿದರೆ ಗಾಳಿಗಿಂತ ಭಾರ, ನೆಲದಲ್ಲೇ ತುಂಬಿಕೊಂಡು ಉಸಿರು ಕಟ್ಟಿಸುತ್ತೆ, ವಾಸನೆಯೂ ಇರಲ್ಲ. ಶಿಡ್ಲಘಟ್ಟಕ್ಕೂ ದೊಡ್ಡಬಳ್ಳಾಪುರಕ್ಕೂ ಹತ್ತಿರ ಆಗೋ ಕಡೆ, ಜನವಸತಿ ಬಿಟ್ಟು ಹಾಕಲಿ. ಬೆಂಗಳೂರಲ್ಲೇ ಇರಬೇಕು ಅನ್ನೋ ಚಟ ಬಿಡೋಣ, ಇಲ್ಲಿ ಗಾಡಿ ನಿಲ್ಲಿಸೋಕೇ ಜಾಗ ಇಲ್ಲ. ಬೆಂಗಳೂರು ಕೊಡಬೇಕಾದ್ದು ಪರೀಕ್ಷೆಯ ಚೀಟಿ. ಈ ಎಣ್ಣೆಯಲ್ಲಿ ಇಂತಿಷ್ಟು ಇದೆ, ಕೀಟನಾಶಕ ಇಲ್ಲ ಅಂತ ಹೆಬ್ಬಾಳದವರೋ ಮೈಸೂರಿನವರೋ ಸಹಿ ಹಾಕಿ ಕೊಟ್ಟ ಕಾಗದ. ಅದಿಲ್ಲದೆ ಕೊಳ್ಳೋನು ಡಬ್ಬದ ಮುಚ್ಚಳವನ್ನೂ ತೆಗೆಯಲ್ಲ.

ಖರ್ಚು ತೂಗೋಕೆ ಸಮಿತಿ, ಉಪಸಮಿತಿ, ವಿದೇಶ ಪ್ರವಾಸ ಏನೂ ಬೇಡ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ದಿನಾ ಎಷ್ಟು ಗೂಡು ಬಂತು ಅಂತ ತೂಕದ ಲೆಕ್ಕ ಬರೆದಿಡ್ತಾರೆ. ಒಂದು ವರ್ಷದ ಆ ಲೆಕ್ಕ ತೆಗೆದು, ಅದರಲ್ಲಿ ಊರಲ್ಲೇ ಬಿಚ್ಚಿದ ಗೂಡೆಷ್ಟು ಅಂತ ನೋಡಿ, ನೂರಕ್ಕೆ ಐದರ ಲೆಕ್ಕದಲ್ಲಿ ಗುಣಿಸಿದರೆ ಎಣ್ಣೆ ಎಷ್ಟು ಅಂತ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತೆ. ಚಿಲ್ಲರೆ ಅಂಗಡಿಯ ಕ್ಯಾಲ್ಕುಲೇಟರು ಸಾಕು.

ಜಿಕೆವಿಕೆಯಲ್ಲಿ ವರ್ಷಾವರ್ಷ ಕೃಷಿ ಮೇಳ ನಡೆಯುತ್ತೆ. ನಿಮ್ಮಲ್ಲಿ ಎಷ್ಟೋ ಜನ ಹೋಗ್ತೀರಿ, ಮುದ್ದೆ ಊಟ ಮಾಡಿ, ಸಸಿ ಹಿಡಿದುಕೊಂಡು ಬರ್ತೀರಿ. ಈ ಸಲ ಹೋದಾಗ ರೇಷ್ಮೆಯ ಮಳಿಗೆ ಮುಂದೆ ನಿಂತು ಅಲ್ಲಿದ್ದ ಸಾಹೇಬರನ್ನು ಒಂದೇ ಮಾತು ಕೇಳಿ: ಒಣಗಿದ ಹುಳ ತಂದರೆ ಎಣ್ಣೆ ತೆಗೆದುಕೊಡ್ತೀರಾ, ಕಿಲೋಗೆ ಎಷ್ಟು ಕೂಲಿ? ಅವರು ಏನಂದರು ಅಂತ ಕಾರ್ಡು ಬರೆದು ತಿಳಿಸಿ. ಇದೇ ಜಾಗದಲ್ಲಿ ಅಚ್ಚು ಹಾಕೋಣ.